ಚೂರಿಯ ಮೊನೆಯ ನೀಲಿ

ಆ ಶನಿವಾರ ತರೀಕೆರೆಯಲ್ಲಿ ಕರೆಂಟು ಎರಡು ಸಲ ಹೋಗಿ ಬಂತು. ಎರಡನೇ ಸಲ ಹೋದದ್ದು ಒಂದು ಗಂಟೆಯಾದರೂ ಬರಲಿಲ್ಲ. ಬೀರೂರಿನಿಂದ ಮೊಪೆಡ್ಡಿನ ಹಿಂದೆ ಕಟ್ಟಿಕೊಂಡು ಬಂದಿದ್ದ ಸಾಣೆ ಮೆಷಿನ್ನನ್ನು ಮಟನ್ ಅಂಗಡಿಯ ಕಟ್ಟೆಯ ಮೇಲೆ ಇಟ್ಟು ನಾನು ಪಕ್ಕದಲ್ಲೇ ಕೂತಿದ್ದೆ. ಭಾನುವಾರದ ವ್ಯಾಪಾರಕ್ಕೆ ಶನಿವಾರವೇ ಎಲ್ಲರ ಚೂರಿಗಳೂ ತಯಾರಾಗಬೇಕು. ಸಂಜೆಯೊಳಗೆ ಅಜ್ಜಂಪುರದಲ್ಲಿ ಇನ್ನೂ ಎರಡು ಅಂಗಡಿ ಮುಗಿಸುವುದಿತ್ತು. ಗಳಿಗೆಗೊಮ್ಮೆ ಗಡಿಯಾರ ನೋಡಿಕೊಳ್ಳುತ್ತಿದ್ದೆ.

ಆ ಮೆಷಿನ್ನು ಕೊಂಡು ಆರು ತಿಂಗಳಾಗಿತ್ತು. ಅದಕ್ಕೆ ಮುಂಚೆ ನನ್ನದು ಕಾಲಿನಲ್ಲಿ ತುಳಿಯುವ ಸಾಣೆ. ಅದು ನಿಧಾನ. ಆದರೆ ಅದರಲ್ಲಿ ಅಲಗು ಬಿಸಿಯಾಗುವ ಭಯವಿರಲಿಲ್ಲ. ಕರೆಂಟಿನ ಚಕ್ರ ಹಾಗಲ್ಲ. ಎರಡು ಸಲ ಸೋಕಿಸಿ ಒಂದು ಸಲ ನೀರಿಗೆ ಅದ್ದಬೇಕು, ಮತ್ತೆ ಎರಡು ಸಲ, ಮತ್ತೆ ನೀರು. ಕುಲುಮೆ ಕೆಲಸದವರ ಮನೆಯಲ್ಲಿ ಹುಟ್ಟಿ, ಅಪ್ಪನ ಜೊತೆ ಹತ್ತು ವರ್ಷ ತಿದಿ ಒತ್ತಿದವನಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ.

ಅಂಗಡಿಯ ಯಜಮಾನರಿಗೆ ಐವತ್ತರ ಆಸುಪಾಸು. ಅಗಲ ಭುಜದ, ಮೆಲ್ಲಗೆ ಮಾತಾಡುವ ಮನುಷ್ಯ. ಅವರು ನನಗೆ ಕೊಡುತ್ತಿದ್ದದ್ದು ನಾಲ್ಕು ಅಲಗು: ಮೂಳೆ ಕಡಿಯುವ ಮಚ್ಚು, ಚರ್ಮ ಸುಲಿಯುವ ಬಾಗಿದ ಚೂರಿ, ಮಾಂಸ ತುಂಡು ಮಾಡುವ ಉದ್ದನೆಯ ಚೂರಿ, ಮೂಳೆಯಿಂದ ಮಾಂಸ ಬಿಡಿಸುವ ಕಿರುಚೂರಿ. ನಾಲ್ಕಕ್ಕೂ ಒಂದೇ ಥರ ಸಾಣೆ ಹಿಡಿದರೆ ನಾಲ್ಕೂ ಕೆಟ್ಟಂತೆಯೇ. ಮಚ್ಚಿನ ಬಾಯಿ ದಪ್ಪಗಿರಬೇಕು. ತೆಳ್ಳಗೆ ಮಾಡಿದರೆ ಮೂಳೆಗೆ ಬಡಿದು ಅಂಚು ಒಡೆಯುತ್ತದೆ, ಒಡೆದ ಚೂರು ಮಾಂಸದೊಳಗೆ ಸೇರುತ್ತದೆ. ಸುಲಿಯುವ ಚೂರಿಯ ಅಂಚು ನುಣುಪಾಗಿ, ಮೊನೆ ಕೊಂಚ ಮೊಂಡಾಗಿ ಇರಬೇಕು, ಇಲ್ಲದಿದ್ದರೆ ಚರ್ಮಕ್ಕೆ ತೂತು ಬೀಳುತ್ತದೆ. ತುಂಡು ಮಾಡುವುದಕ್ಕೆ ಒರಟು ಕಲ್ಲಿನ ಗೀರು ಸ್ವಲ್ಪ ಉಳಿಸಬೇಕು. ಆ ಗೀರೇ ಪೊರೆಯನ್ನು ಹಿಡಿದು ಕೊಯ್ಯುತ್ತದೆ. ಕಿರುಚೂರಿಯದು ಎಲ್ಲಕ್ಕಿಂತ ನಾಜೂಕು. ಎರಡು ಬೆರಳಿನ ಅಗಲವೂ ಇಲ್ಲದ ಅದು ಕೀಲಿನ ಸಂದಿಯಲ್ಲಿ ತಿರುಗಬೇಕು, ಮೂಳೆಯನ್ನು ಸವರಿಕೊಂಡೇ ಸಾಗಬೇಕು, ಆದರೂ ಅಂಚು ಮಡಚಬಾರದು.

ಕರೆಂಟು ಬಂದಾಗ ನಾಲ್ಕು ಗಂಟೆ. ಮೂರು ಅಲಗು ಮುಗಿಸಿದೆ. ಕಿರುಚೂರಿ ಕೈಗೆ ತೆಗೆದುಕೊಂಡಾಗ ಯಜಮಾನರು ಒಳಗಿನಿಂದ ಕೂಗಿ ಹೇಳಿದರು:

"ನಾಳೆ ಬೀಗರೂಟದ ಆರ್ಡರ್ ಐತೆ ಆಚಾರ್ರೇ. ಬೋನ್‌ಲೆಸ್ಸೇ ಬೇಕಂತೆ. ಆ ಚಿಕ್ಕದು ಚೆನ್ನಾಗ್ ಕಚ್ಬೇಕು ನೋಡಿ, ಮಚ್ಚಿನ ಥರ ಮಾಡ್ಬಿಡ್ಬೇಡಿ."

"ಆಯ್ತು ಯಜಮಾನ್ರೇ," ಅಂದೆ.

ನೀರಿನ ಡಬ್ಬಿ ಖಾಲಿಯಾಗಿತ್ತು. ನಲ್ಲಿ ಇದ್ದದ್ದು ಅಂಗಡಿಯ ಹಿಂಭಾಗದಲ್ಲಿ, ಹತ್ತು ಹೆಜ್ಜೆ ದೂರ. ನಾನು ಏಳಲಿಲ್ಲ. ಇದೊಂದೇ ತಾನೆ ಅಂದುಕೊಂಡು ಚಕ್ರಕ್ಕೆ ಒತ್ತಿ ಹಿಡಿದೆ. ಮೊನೆಯ ಹತ್ತಿರ ಮೊದಲು ಒಣಹುಲ್ಲಿನ ಹಳದಿ ಬಂತು, ಅದರ ಹಿಂದೆಯೇ ಕಂದು. ಕೈ ಹಿಂದಕ್ಕೆ ತೆಗೆಯುವಷ್ಟರಲ್ಲಿ ನೀಲಿ ತಿರುಗಿಬಿಟ್ಟಿತ್ತು.

ಉಕ್ಕಿನ ಹದ ಅಂದರೆ ಅದರ ಗಟ್ಟಿತನ. ನೀಲಿ ತಿರುಗಿದ ಕಡೆ ಆ ಗಟ್ಟಿತನ ಇಳಿದುಹೋಗುತ್ತದೆ. ಇಂಥ ಅಲಗಿಗೂ ಚೂಪು ಮಾಡಬಹುದು, ಕೂದಲು ಬೋಳಿಸುವಷ್ಟು ಚೂಪು. ಆದರೆ ಆ ಚೂಪು ನಿಲ್ಲುವುದಿಲ್ಲ. ಮೂಳೆಗೆ ನಾಲ್ಕು ಸಲ ತಾಗಿದರೆ ಅಂಚು ಮಡಚಿಕೊಳ್ಳುತ್ತದೆ.

ನನಗೆ ಇದೆಲ್ಲ ಗೊತ್ತಿತ್ತು. ಯಜಮಾನರು ಒಳಗೆ ಕೈ ತೊಳೆಯುತ್ತಿದ್ದರು. ಕರೆದು, "ಇದರ ಮೊನೆ ಹಾಳಾಯ್ತು, ನಾಳೆಗೆ ಇದನ್ನು ಮುಟ್ಟಬೇಡಿ," ಅನ್ನಬಹುದಿತ್ತು. ಎಮರಿ ಪೇಪರ್ ತೆಗೆದು ನೀಲಿಯನ್ನು ಉಜ್ಜಿಬಿಟ್ಟೆ. ನಾಲ್ಕು ಉಜ್ಜಿಗೆ ಹೋಯಿತು. ಆಮೇಲೆ ಕಲ್ಲಿನ ಮೇಲೆ ಅಂಚು ಕೂರಿಸಿ ಕೊಟ್ಟೆ.

ಯಜಮಾನರು ಮುಂಗೈ ಮೇಲೆ ಆಡಿಸಿ ನೋಡಿದರು. ಕೂದಲು ಉದುರಿತು.

"ಭಲೇ," ಅಂದರು.

ಮರುದಿನ ಹತ್ತೂವರೆಗೆ ಕಡೂರಿನ ಮಟನ್ ಅಂಗಡಿಯವರೊಬ್ಬರು ಫೋನ್ ಮಾಡಿದರು.

"ತರೀಕೆರೆಯವ್ರು ಹೋಗ್ಬಿಟ್ರಂತೆ ಕಣ್ರೀ. ಬೆಳಿಗ್ಗೆ ಮಾಂಸ ಬಿಡಿಸ್ವಾಗ ಚೂರಿ ಜಾರಿ ತೊಡೆ ಸಂದಿಗೆ ಹೊಕ್ಕೈತೆ. ಶಿವಮೊಗ್ಗಕ್ಕೆ ಕರ್ಕೊಂಡ್ ಹೋಗ್ತಿದ್ರಂತೆ, ದಾರೀಲೇ ಮುಗ್ದೋಯ್ತು."

"ಯಾವ ಚೂರಿ?" ಅಂತ ಕೇಳಿದೆ.

"ಯಾವ್ ಚೂರಿ ಆದ್ರೇನ್ರೀ ಈಗ?"

ಮಣ್ಣಿಗೆ ಹೋದೆ. ಜನರ ಹಿಂದೆ ನಿಂತಿದ್ದೆ. ಯಜಮಾನರ ತಮ್ಮ, ಅಂಗಡಿಯಲ್ಲಿ ಕುರಿ ಕೊಯ್ಯುವ ಕೆಲಸ ಮಾಡುತ್ತಿದ್ದವರು, ಬಂದವರಿಗೆಲ್ಲ ಅದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದರು: "ಎರಡನೇ ತೊಡೆಗೆ ಬರೋ ಹೊತ್ಗೆ ಕಚ್ತಾನೇ ಇಲ್ಲ ಅಂದ. ನೆನ್ನೆ ತಾನೆ ಮಸ್ದಿದ್ದು, ಯಾಕ್ ಹಿಂಗೆ ಅಂದ. ಬಲ ಹಾಕಿ ಎಳ್ದ ಕಣ್ರೀ, ಕೀಲಿಂದ ಹಾರಿ ಬಂದ್ಬಿಡ್ತು."

ಅವರು ನನ್ನನ್ನೂ ನೋಡಿದರು. ಮಸೆದವನು ಅಲ್ಲೇ ನಿಂತಿದ್ದಾನೆ ಅನ್ನುವುದು ಅವರಿಗೆ ಹೊಳೆಯಲಿಲ್ಲವೋ, ಹೊಳೆದರೂ ಮುಖ್ಯ ಅನ್ನಿಸಲಿಲ್ಲವೋ, ಗೊತ್ತಿಲ್ಲ. ಪೊಲೀಸರು ಬಂದು, ಕೆಲಸದಲ್ಲಾದ ಅಪಘಾತ ಎಂದು ಬರೆದುಕೊಂಡು, ಚೂರಿ ತೆಗೆದುಕೊಂಡು ಹೋಗಿದ್ದರು. ನನ್ನ ಹೆಸರನ್ನು ಯಾರೂ ಎತ್ತಲಿಲ್ಲ. ನಾನೂ ಬಾಯಿ ಬಿಡಲಿಲ್ಲ.

ಮೆಷಿನ್ನಿಗೆ ಗೋಣಿಚೀಲ ಮುಚ್ಚಿ, ಹಳೆಯ ಕಾಲುಸಾಣೆಯನ್ನು ಹೊರಗೆ ತಂದೆ. ತರೀಕೆರೆ ದಾರಿ ಬಿಟ್ಟು ಎಮ್ಮೆದೊಡ್ಡಿ ಕಡೆಯ ಹಳ್ಳಿಗಳಿಗೆ ಕುಡುಗೋಲು ಮಸೆಯಲು ಹೋಗತೊಡಗಿದೆ. ಅಲ್ಲಿಯೂ ಬಿಡುಗಡೆ ಇರಲಿಲ್ಲ. ಒದ್ದೆ ಅಲಗನ್ನು ಮೇಲೆತ್ತಿದರೆ ಅದರ ಮೇಲೆ ಆಕಾಶದ ನೀಲಿ ಬೀಳುತ್ತದೆ. ಒರೆಸುತ್ತಿದ್ದೆ, ಓರೆ ಮಾಡಿ ನೋಡುತ್ತಿದ್ದೆ, ನೆರಳಿಗೆ ಒಯ್ದು ಮತ್ತೆ ನೋಡುತ್ತಿದ್ದೆ. ಅಜ್ಜಂಪುರದ ಒಂದು ಅಂಗಡಿಯ ಶಟರಿಗೆ ನೀಲಿ ಬಣ್ಣ ಬಳಿದಿದ್ದರು. ಅದರ ಮುಂದೆ ಕೂತು ಕೆಲಸ ಮಾಡಲು ನನ್ನಿಂದ ಆಗಲಿಲ್ಲ. ರಸ್ತೆಯ ಆಚೆ ಬದಿಗೆ ಹೋಗಿ ಕೂತೆ. "ಏನ್ ಆಚಾರ್ರೇ, ಒಂದ್ ಚೂರಿಗೆ ಇಷ್ಟ್ ಹೊತ್ತಾ?" ಎಂದು ಅಂಗಡಿಯವರು ರೇಗಿದರು.

ಮನೆಯಲ್ಲಿ ಹೆಂಡತಿ ಈಳಿಗೆ ಮಣೆಯ ಮೇಲೆ ಸೊಪ್ಪು ಹೆಚ್ಚುವಾಗ ಅವಳ ಬೆರಳನ್ನೇ ನೋಡುತ್ತಾ ಕೂರುತ್ತಿದ್ದೆ. "ನನ್ ಕೈನ ಯಾಕ್ರೀ ಹಂಗ್ ನೋಡ್ತೀರಿ? ಭಯ ಆಗುತ್ತೆ," ಅಂದಳು ಒಂದು ದಿನ. ಅವಳಿಗೂ ಹೇಳಲಿಲ್ಲ. ಆ ದಿನಗಳಲ್ಲಿ ನಾನು ನನಗೇ ಒಂದು ಮಾತು ಹೇಳಿಕೊಳ್ಳುತ್ತಿದ್ದೆ: ನೀಲಿ ಮೇಲೆ ಮೇಲೆ ಬಂದಿರಬಹುದು, ಉಜ್ಜಿದಾಗ ಹೋಗಿರಬಹುದು, ಹದ ಇಳಿದಿರಲಿಕ್ಕಿಲ್ಲ. ಹೇಳಿಕೊಂಡಷ್ಟು ಹೊತ್ತು ಉಸಿರಾಡಲು ಆಗುತ್ತಿತ್ತು.

ನಾಲ್ಕು ತಿಂಗಳಾದ ಮೇಲೆ ಒಂದು ಸೋಮವಾರ ಬೆಳಿಗ್ಗೆ ಯಜಮಾನರ ಹೆಂಡತಿ ಬೀರೂರಿನ ನನ್ನ ಶೆಡ್ಡಿಗೆ ಬಂದರು. ತರೀಕೆರೆಯಿಂದ ರೈಲಿನಲ್ಲಿ ಬಂದು, ಸ್ಟೇಷನ್ನಿನಿಂದ ಕೇಳಿಕೊಂಡು ನಡೆದು ಬಂದಿದ್ದರು. ಗಂಡ ಇದ್ದಾಗ ತಕ್ಕಡಿಯ ಹತ್ತಿರ ಕೂರುತ್ತಿದ್ದವರು, ಕುರಿಯ ತಲೆ ಕಾಲು ಸುಟ್ಟು ಕೊಡುತ್ತಿದ್ದವರು. ನನಗಿಂತ ಹತ್ತು ವರ್ಷಕ್ಕೆ ಚಿಕ್ಕವರಿರಬಹುದು.

"ಅಣ್ಣಾ, ಅಂಗ್ಡಿ ಮತ್ತೆ ತೆಗೀತೀನಿ," ಅಂದರು. "ಕೊಯ್ಯೋದು ಮೈದುನ ಕೊಯ್ತಾನೆ. ಬಿಡ್ಸೋದು, ಕಡಿಯೋದು ನಾನೇ ಮಾಡ್ತೀನಿ. ಇವನ್ನ ಮಸ್ದ್ ಕೊಡಿ."

ಚೀಲದಿಂದ ಮಚ್ಚು, ಸುಲಿಯುವ ಚೂರಿ, ಉದ್ದ ಚೂರಿ ಒಂದೊಂದಾಗಿ ಹೊರಗೆ ಬಂದವು. ಕೊನೆಗೆ ನ್ಯೂಸ್ ಪೇಪರಿನಲ್ಲಿ ಸುತ್ತಿದ್ದ ಕಿರುಚೂರಿ. ಪೊಲೀಸರು ಹಿಂದಿರುಗಿಸಿದ್ದರು.

"ಇದೂ," ಅಂದರು.

ಬೇರೆ ದಾರಿ ಕಾಣದೆ ಕಬ್ಬಿಣ ಉಜ್ಜುವ ಅರ ತೆಗೆದುಕೊಂಡೆ. ಹದ ಇರುವ ಉಕ್ಕಿನ ಮೇಲೆ ಅರ ಎಳೆದರೆ ಗಾಜಿನ ಮೇಲೆ ಎಳೆದಂತೆ ಜಾರುತ್ತದೆ, ಹದ ಹೋದ ಕಡೆ ಕಚ್ಚುತ್ತದೆ. ಹಿಡಿಯ ಹತ್ತಿರ ಜಾರಿತು. ನಡುವೆಯೂ ಜಾರಿತು. ಮೊನೆಯಿಂದ ಎರಡು ಬೆರಳು ಇರುವಾಗ ಕಚ್ಚಿತು. ಬೂದಿಯಂಥ ಪುಡಿ ನನ್ನ ಬೆರಳಿಗೆ ಅಂಟಿತು. ನಾಲ್ಕು ತಿಂಗಳು ನನಗೆ ನಾನು ಹೇಳಿಕೊಂಡಿದ್ದ ಮಾತು ಅಲ್ಲಿಗೆ ಮುಗಿಯಿತು.

ಚೂರಿ ಹಳೆಯದಾಯಿತು, ಎಸೆದುಬಿಡಿ ಅನ್ನುವ ವಾಕ್ಯ ಬಾಯಿಯ ತುದಿಯವರೆಗೂ ಬಂದಿತ್ತು. ಅಂದಿದ್ದರೆ ಅವರು ನಂಬುತ್ತಿದ್ದರು. ಬೇರೆ ಚೂರಿ ಕೊಂಡು ಹೋಗುತ್ತಿದ್ದರು. ಮುಂದಿನ ವಾರ ನಾನು ಮತ್ತೆ ಅದೇ ಕಟ್ಟೆಯ ಮೇಲೆ ಕೂತು ಅವರ ಚೂರಿ ಮಸೆಯುತ್ತಿದ್ದೆ. ಆ ಚಿತ್ರ ಕಣ್ಣ ಮುಂದೆ ಬಂದದ್ದಕ್ಕೇ ಇರಬೇಕು, ಬಾಯಿಂದ ಬೇರೆ ಮಾತು ಬಂತು.

"ತಂಗೀ, ಇದ್ರ ಮೊನೆ ಹದ ಹೋಗೈತೆ. ಕಳ್ದಿದ್ದು ನಾನು. ಅವತ್ತು ನೀರು ತರಕ್ಕೆ ಸೋಮಾರಿತನ ಮಾಡಿ ಕಾಯಿಸ್ಬಿಟ್ಟೆ. ನೀಲಿ ಬಂತು. ಉಜ್ಜಿ ಕೊಟ್ಬಿಟ್ಟೆ."

ಅವರಿಗೆ ತಕ್ಷಣ ಅರ್ಥವಾಗಲಿಲ್ಲ. ಅರವನ್ನು ಅವರ ಕೈಗೇ ಕೊಟ್ಟು, ಜಾರುವ ಜಾಗ, ಕಚ್ಚುವ ಜಾಗ ಎರಡನ್ನೂ ತೋರಿಸಿದೆ. ಎರಡು ಮೂರು ಸಲ ಎಳೆದು ನೋಡಿದರು. ಆಮೇಲೆ ಅರವನ್ನು ಕೆಳಗಿಟ್ಟರು.

"ಅವತ್ತೇ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ಯಾಕ್ ಹೇಳ್ಲಿಲ್ಲ?"

"ಹೊತ್ತಾಗಿತ್ತು. ಕೆಲ್ಸ ಕೆಡಿಸ್ದ ಅಂತಾರಲ್ಲ ಅಂತ ನಾಚ್ಕೆ ಆಯ್ತು."

ಅವರು ಅಳಲಿಲ್ಲ, ಬೈಯಲೂ ಇಲ್ಲ. "ಇಂಥದ್ದೇ ಇನ್ನೊಂದಿತ್ತು ಕಣಣ್ಣ," ಅಂದರು. "ಗಲ್ಲಾಪೆಟ್ಗೆ ಕೆಳ್ಗೆ, ಬಟ್ಟೇಲಿ ಸುತ್ತಿ ಇಟ್ಟಿದ್ರು. ನೀವೊಂದ್ ಮಾತ್ ಅಂದಿದ್ರೆ ಅದನ್ನ ತಗೀತಿದ್ರು."

ನಾಲ್ಕೂ ಅಲಗುಗಳನ್ನು ಅಲ್ಲಿಯೇ ಬಿಟ್ಟು ಎದ್ದು ಹೋದರು. ಸ್ಟೇಷನ್ನಿನ ಕಡೆಗೆ ನಡೆಯುವುದನ್ನು ನೋಡಿದೆ. ಕೂಗಲಿಲ್ಲ. ಸ್ವಲ್ಪ ಹೊತ್ತಿಗೆ ಶಿವಮೊಗ್ಗದ ಕಡೆಯ ರೈಲು ಬಂತು, ಹೋಯಿತು. ಸದ್ದಿನಲ್ಲೇ ಗೊತ್ತಾಗುತ್ತದೆ. ಪೊಲೀಸರಿಗೆ ಹೇಳುತ್ತಾರೆ, ಮೈದುನನನ್ನು ಕಳಿಸುತ್ತಾರೆ, ಏನಾದರೂ ಆಗಲಿ ಅಂದುಕೊಂಡು ಕೂತಿದ್ದೆ. ಒಂದು ಗಂಟೆ ಬಿಟ್ಟು ನೆರಳು ಬಾಗಿಲಿಗೆ ಬಿತ್ತು. ಅವರು ರೈಲು ಹತ್ತಿರಲಿಲ್ಲ.

"ಈ ಚೂರಿ ಸರಿ ಮಾಡಕ್ಕಾಗುತ್ತಾ?"

"ಕೆಟ್ಟಿರೋ ಅಷ್ಟನ್ನೂ ಸವೆಸಿ ತೆಗೆದ್ರೆ ಆಗುತ್ತೆ. ಎರಡ್ ಬೆರಳು ಗಿಡ್ಡ ಆಗುತ್ತೆ. ಆದ್ರೆ ಇದ್ ಬೇಡ ತಾಯಿ, ಬೇರೇದ್ ನಾನೇ ತಂದ್ಕೊಡ್ತೀನಿ."

"ಚೂರಿದೇನ್ ತಪ್ಪು?" ಅಂದರು. "ಸರಿ ಮಾಡಿ. ಮಸೆಯೋದನ್ನ ನಂಗೆ ಕಲ್ಸಿ. ಇನ್ಮೇಲೆ ಇವಕ್ಕೆ ಇನ್ನೊಬ್ರ ಕೈ ತಾಗೋದ್ ಬೇಡ. ಕಲ್ಸೋದು ಇಲ್ಲಿ ಅಲ್ಲ. ನಮ್ ಅಂಗ್ಡಿಗೇ ಬನ್ನಿ."

ಮೊದಲ ದಿನ ಅವರ ಅಂಗಡಿಯ ಶಟರು ಪೂರ್ತಿ ಮೇಲೆ ಹೋಗುವವರೆಗೂ ರಸ್ತೆಯಲ್ಲೇ ನಿಂತಿದ್ದು, ಆಮೇಲೆ ಒಳಗೆ ಹೋದೆ. ಮಾಂಸ ಕಡಿಯುವ ಹುಣಸೆ ಕೊರಡು ಅಲ್ಲೇ ಇತ್ತು. ತೊಳೆದು ಉಪ್ಪು ಸವರಿ ಇಟ್ಟಿದ್ದರು. ಯಜಮಾನರು ನಿಲ್ಲುತ್ತಿದ್ದ ಜಾಗದಲ್ಲಿ ನೆಲ ನುಣ್ಣಗೆ ಸವೆದಿತ್ತು. ಅಲ್ಲಿಗೆ ಕಾಲಿಡದೆ ಪಕ್ಕಕ್ಕೆ ಕೂತೆ.

ಮೈದುನ ಬಂದಿದ್ದರು. "ಅವ್ನಿಗೆ ನಾನ್ ಹೇಳಿಲ್ಲ. ನೀವೇ ಹೇಳ್ಬೇಕು," ಎಂದು ಆಕೆ ಒಳಗೆ ಹೋದರು. ಹೇಳಿದೆ. ಆ ಮನುಷ್ಯ ಕೈಯಲ್ಲಿದ್ದ ಮಚ್ಚನ್ನು ಕೊರಡಿನ ಮೇಲೆ ಮೆಲ್ಲಗೆ ಇಟ್ಟು ಹೊರಗೆ ಹೋದರು. ಅದೇ ಕೊನೆ, ಮುಂದೆ ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ನಾನು ಬರುವ ದಿನ ಬಾಗಿಲಿನಾಚೆ ಕೂತು, ನಾನು ಹೋದ ಮೇಲೆ ಒಳಗೆ ಬರುತ್ತಿದ್ದರು.

ವಾರಕ್ಕೆ ಎರಡು ದಿನದಂತೆ ಎರಡು ತಿಂಗಳು ಹೋದೆ. ಮೆಷಿನ್ನು ಒಯ್ಯಲಿಲ್ಲ. ಒರಟು ಕಲ್ಲು, ನುಣುಪು ಕಲ್ಲು, ಮಸೆಯುವ ಕೋಲು, ನೀರು. ಕಲ್ಲಿನ ಮೇಲೆ ಚೂರಿಯ ಬೆನ್ನನ್ನು ಎಷ್ಟು ಎತ್ತಬೇಕು ಅನ್ನುವುದಕ್ಕೆ ಬೆಂಕಿಕಡ್ಡಿಯ ಲೆಕ್ಕ ಹೇಳಿಕೊಟ್ಟೆ. ಸುಲಿಯುವುದಕ್ಕೆ ಬೆನ್ನಿನ ಕೆಳಗೆ ಎರಡು ಕಡ್ಡಿ ತೂರಬೇಕು, ಉದ್ದ ಚೂರಿಗೆ ಮೂರು, ಕಿರುಚೂರಿಗೆ ನಾಲ್ಕು. ಮಚ್ಚಿಗೆ ಕಡ್ಡಿಯಲ್ಲ, ಹೆಬ್ಬೆರಳು. ಅಂಚಿಗೆ ಮಾರ್ಕರ್ ಪೆನ್ನಿನ ಕಪ್ಪು ಬಳಿದು ಒಂದು ಸಲ ಎಳೆದರೆ, ಕಲ್ಲು ಎಲ್ಲಿ ತಾಗುತ್ತಿದೆ, ಎಲ್ಲಿ ಇಲ್ಲ ಎಂದು ಅಳಿಸಿದ ಕಪ್ಪೇ ಹೇಳುತ್ತದೆ. ಒಂದು ಮಗ್ಗುಲು ಮಸೆದಾಗ ಇನ್ನೊಂದು ಮಗ್ಗುಲಿಗೆ ಬೆರಳಿಗೆ ಸಿಗುವ ಸಣ್ಣ ಸಿಬಿರು ಏಳುವವರೆಗೂ ತಿರುಗಿಸಬಾರದು.

ಆಕೆ ಬೇಗ ಕಲಿತರು. ಬೇಗ ಕಲಿತದ್ದೇ ಒಂದು ತೊಂದರೆಯಾಯಿತು. ಮೂರನೇ ವಾರ ಮಚ್ಚನ್ನೂ ಚೂರಿಯಂತೆ ತೆಳ್ಳಗೆ ಮಸೆದಿಟ್ಟಿದ್ದರು. ಮೈದುನ ತಂದಿದ್ದ ಕಾಲುಮೂಳೆಗೆ ಹೊಡೆದಾಗ ಅಂಚಿನಲ್ಲಿ ಅರ್ಧಚಂದ್ರದಂಥ ಗಾಯ ಬಿತ್ತು. ಒಡೆದ ಚೂರನ್ನು ಇಬ್ಬರೂ ಕೊರಡಿನ ಸುತ್ತ ನೆಲದ ಮೇಲೆ ಹುಡುಕಿದೆವು. ಅದು ಮಾಂಸದಲ್ಲೇ ಸಿಕ್ಕಿತು, ಅಕ್ಕಿನುಚ್ಚಿನಷ್ಟು.

"ಇದ್ ಯಾವ್ದಾದ್ರೂ ಮಗೀನ ಬಾಯಿಗೆ ಹೋಗಿದ್ರೆ?" ಅಂದರು. ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ಮಚ್ಚಿನ ಬಾಯಿಯನ್ನು ಮತ್ತೆ ದಪ್ಪಗೆ ತರಲು ಆ ಇಡೀ ಮಧ್ಯಾಹ್ನ ಹಿಡಿಯಿತು.

ಕಿರುಚೂರಿಯನ್ನು ನಾನು ಶೆಡ್ಡಿನಲ್ಲಿ ಕಾಲುಸಾಣೆಯ ಮೇಲೆ, ನೀರು ಸುರಿಯುತ್ತಾ, ಎರಡು ದಿನ ಕೂತು ಸವೆಸಿದೆ. ಬೆರಳು ಅಲಗಿನ ಮೇಲೇ ಇಟ್ಟುಕೊಂಡಿದ್ದೆ. ಬೆರಳು ತಡೆಯದಷ್ಟು ಬಿಸಿಯಾದರೆ ನಿಲ್ಲಿಸುವುದು. ಅರ ಜಾರುವವರೆಗೂ ಸವೆಸಿ, ಹೊಸ ಮೊನೆ ತೆಗೆದು, ನಾಲ್ಕು ಕಡ್ಡಿಯ ಅಂಚು ಕೂರಿಸಿದೆ. ಕೆಲಸದಲ್ಲಿ ದೋಷ ಇರಲಿಲ್ಲ. ಆದರೆ ಆಕೆ ಅದರಿಂದ ಕುರಿಯ ತೊಡೆ ಬಿಡಿಸಲು ಕೂತಾಗ ಚೂರಿ ಮತ್ತೆ ಮತ್ತೆ ಮೂಳೆ ಬಿಟ್ಟು ಅವರ ಕಡೆಗೇ ತಿರುಗುತ್ತಿತ್ತು.

"ನಿಲ್ಸಿ, ನಿಲ್ಸಿ," ಅಂದೆ.

"ನನ್ ಕೈಯೇ ಸರಿ ಇಲ್ವೇನೋ," ಅಂದರು.

ಅವರ ಕೈ ನೋಡಿದೆ. ಎಡಗೈ. ಅಷ್ಟು ದಿನ ಎದುರಿಗೆ ಕೂತೂ ಗಮನಿಸಿರಲಿಲ್ಲ. ಎದುರು ಕೂತವನಿಗೆ ಅದು ತನ್ನ ಬಲಗೈಯಂತೆಯೇ ಕಂಡಿತ್ತು. ಬಲಗೈಯವರು ಹದಿನೈದು ವರ್ಷ ಬಳಸಿದ ಚೂರಿಯ ಒಂದು ಮಗ್ಗುಲು ಹೆಚ್ಚು ಸವೆದಿರುತ್ತದೆ. ನಾನೂ ಹಾಗೆಯೇ ಮಸೆದಿದ್ದೆ, ಯಜಮಾನರ ಕೈಗೆ. ಎಡಗೈಗೆ ಅದು ಉಲ್ಟಾ ಎಳೆಯುತ್ತದೆ. ಕೊಯ್ಯುವ ಕೆಲಸ ಯಾವುದು ಅಂತ ಮಾತ್ರ ಯೋಚಿಸಿ, ಕೊಯ್ಯುವವರು ಯಾರು ಅನ್ನುವುದನ್ನು ಮರೆತಿದ್ದೆ. ಮತ್ತೊಂದು ಸಲ ಅದೇ ತಪ್ಪಿನ ಅಂಚಿಗೆ ಬಂದು ನಿಂತಿದ್ದೆ. ಈ ಸಲ ಮುಚ್ಚಿಡಲಿಲ್ಲ. "ತಪ್ಪು ನಿಮ್ಮದಲ್ಲ ತಂಗಿ, ನಂದು," ಎಂದು ಹೇಳಿ, ಎರಡೂ ಮಗ್ಗುಲಿನ ಓರೆಯನ್ನು ಬದಲಾಯಿಸಿದೆ. ಆಕೆ ತಾವೇ ಕಲ್ಲು ಎಳೆದುಕೊಂಡು ಕೊನೆಯ ಅಂಚು ಕೂರಿಸಿದರು.

ಹೊಟ್ಟೆಯಿಂದ ಮೊಣಕಾಲಿನವರೆಗೆ ಬರುವಂತೆ ದಪ್ಪ ತೊಗಲಿನ ಒಂದು ಏಪ್ರನ್ ಹೊಲಿಸಿ ಒಯ್ದಿದ್ದೆ. ಆಕೆ ಅಳತೆ ನೋಡಿ ಕಟ್ಟಿಕೊಂಡರು.

ಅಂಗಡಿ ತೆಗೆದ ಭಾನುವಾರ ನಾನು ಏಳಕ್ಕೇ ಹೋಗಿದ್ದೆ. ಹಳೆಯ ಗಿರಾಕಿಗಳು ಬಂದಿದ್ದರು. ಹೆಂಗಸು ಕಡಿಯುವುದನ್ನು ನೋಡಲೆಂದೇ ಬಂದವರೂ ಇದ್ದರು. ಮೈದುನ ತಕ್ಕಡಿಯ ಹತ್ತಿರ ನಿಂತಿದ್ದರು. ಬಿಳಿ ಗಡ್ಡದ ಗಿರಾಕಿಯೊಬ್ಬರು ಬೋನ್‌ಲೆಸ್ ಒಂದು ಕೇಜಿ ಕೇಳಿದರು. ಆಕೆ ಕಿರುಚೂರಿ ಎತ್ತಿಕೊಂಡರು. ನನ್ನ ಕಡೆ ನೋಡಿದರು.

"ಅಣ್ಣಾ, ಆಚೆ ನಿಂತ್ಕಳಿ. ನೀವ್ ನೋಡ್ತಿದ್ರೆ ನಂಗೆ ಬಿಡ್ಸಕ್ಕಾಗಲ್ಲ."

ರಸ್ತೆ ದಾಟಿ ಸೈಕಲ್ ಶಾಪಿನ ಮುಂದೆ ನಿಂತೆ. ಅಲ್ಲಿಂದ ಒಳಗಿನದು ಕಾಣುವುದಿಲ್ಲ. ಮಚ್ಚಿನ ಕೆಲಸವಾದರೆ ಕೊರಡಿನ ಸದ್ದು ಊರಿಗೇ ಕೇಳುತ್ತದೆ. ಮೂಳೆಯಿಂದ ಮಾಂಸ ಬಿಡಿಸುವುದಕ್ಕೆ ಸದ್ದೇ ಇಲ್ಲ. ಒಂದು ಬಸ್ಸು ಹೋಯಿತು. ಯಾರೋ ಸೈಕಲ್ಲಿಗೆ ಗಾಳಿ ಹಾಕಿಸಿಕೊಂಡರು. ಒಳಗಿನಿಂದ ಏನೂ ಕೇಳಲಿಲ್ಲ. ಆ ಬೆಳಿಗ್ಗೆಯೂ, ಯಜಮಾನರು ಎರಡನೇ ತೊಡೆಗೆ ಕೈ ಹಾಕಿದಾಗಲೂ, ಇಷ್ಟೇ ಸದ್ದಿಲ್ಲದೆ ಇದ್ದಿರಬೇಕು. ಎಷ್ಟು ಹೊತ್ತು ನಿಂತಿದ್ದೆನೋ ತಿಳಿಯದು. ಕೊನೆಗೆ ಕೊರಡಿನ ಮೇಲೆ ಮಚ್ಚು ಬಿತ್ತು. ಒಂದು, ಎರಡು, ಆಮೇಲೆ ಒಂದೇ ಸಮ. ಬಿಳಿ ಗಡ್ಡದವರು ಕವರು ಹಿಡಿದುಕೊಂಡು ಹೊರಗೆ ಬಂದರು.

ಹನ್ನೊಂದರ ಹೊತ್ತಿಗೆ ಜನ ಕಡಿಮೆಯಾದಾಗ ಆಕೆ ತೊಗಲಿನ ಏಪ್ರನ್ನಿನಲ್ಲೇ ರಸ್ತೆ ದಾಟಿ ಬಂದರು. ಹಣೆಯ ಮೇಲೆ ಬೆವರಿತ್ತು. ಕೈ ಎರಡೂ ತೊಳೆದಿದ್ದವು.

"ಬೆಳಿಗ್ಗೆಯಿಂದ ಎರಡ್ ಸಲ ಕಲ್ಲಿಗೆ ಹಾಕ್ದೆ. ಇನ್ನೂ ಕಚ್ತೈತೆ," ಅಂದರು.

"ಸರಿಯಾಗ್ ಮಾಡಿದೀರಿ."

ಆಕೆ ಸೆರಗಿನಿಂದ ಹಣೆ ಒರೆಸಿಕೊಂಡರು. ಆಮೇಲೆ ಹೇಳಿದರು:

"ನೀವ್ ಕಲ್ಸಿದ್ರಿ. ಅದು ನಂಗೆ ನೆನ್ಪಿರ್ತೈತೆ ಅಣ್ಣ. ಇನ್ನೊಂದೂ ನೆನ್ಪಿರ್ತೈತೆ. ಇನ್ಮೇಲೆ ಬರ್ಬೇಡಿ."

"ಆಯ್ತು ತಂಗಿ," ಅಂದೆ.

ಆಕೆ ಒಳಗೆ ಹೋಗಿ ಮತ್ತೆ ಮಚ್ಚು ಹಿಡಿದರು. ನಾನು ಮೊಪೆಡ್ ಹತ್ತಿದೆ. ಊರು ದಾಟಿದ ಮೇಲೆ ಆ ಸದ್ದು ಕಿವಿಗೆ ಬೀಳುವಂತಿರಲಿಲ್ಲ. ಆದರೂ ಬೀರೂರಿನವರೆಗೆ ಅದು ನನ್ನೊಳಗೆ ಕೇಳುತ್ತಲೇ ಇತ್ತು. ನಡುನಡುವೆ ನಿಲ್ಲುತ್ತಿತ್ತು. ನಿಂತಾಗಲೆಲ್ಲ ಗಾಡಿ ನಿಧಾನ ಮಾಡಿ, ಅದು ಮತ್ತೆ ಶುರುವಾಗುವುದನ್ನು ಕಾಯುತ್ತಿದ್ದೆ.